ಹುಚ್ಚೀರಯ್ಯನಿಗಿಟ್ಟ ಎಡೆ

ಹಲಗೂರಿನ ಪಕ್ಕದ ಸಣ್ಣ ಹಳ್ಳಿಯ ಹುಚ್ಚೀರಯ್ಯ ಆಫ್ರಿಕಕ್ಕೆ ಹೋದದ್ದು ಧೈರ್ಯದಿಂದಲ್ಲ, ಕೋಳಿಸಾರು ಚೆನ್ನಾಗಿ ಮಾಡುತ್ತಿದ್ದ ತಪ್ಪಿಗೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯಲ್ಲಿ ಅವನು ಅಡಿಗೆಯವನು. ದೊರೆಗೆ ದಕ್ಷಿಣ ಆಫ್ರಿಕದ ನಟಾಲ್ ಸೀಮೆಯ ಕಬ್ಬಿನ ಕಾರ್ಖಾನೆಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಹೆಂಡತಿಯನ್ನು ವಿಲಾಯತಿಯಲ್ಲೇ ಬಿಟ್ಟು ನಿಶ್ಚಿಂತೆಯಾಗಿದ್ದ ಆ ಮನುಷ್ಯನಿಗೆ ಹುಚ್ಚೀರಯ್ಯನ ಸಾರನ್ನು ಬಿಟ್ಟಿರಲು ಆಗಲಿಲ್ಲ. ಎರಡು ವರ್ಷದ ಮಾತು ಎಂದು ಹೇಳಿ ಅವನನ್ನೂ ಹಡಗು ಹತ್ತಿಸಿದ. ಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು.

ಹೊರಡುವ ದಿನ ಹೆಂಡತಿ ಶಿವನಂಜಮ್ಮ ಕೇಳಿದಳು: "ಅದೇನು ಆಪ್ರಿಕ, ಮಳವಳ್ಳಿಯಿಂದ ಆಚ್ಕಾ?"

"ಮೈಸೂರಿಂದ್ಲೂ ಆಚ್ಕೆ ಕಣಮ್ಮಿ."

"ಅಂಗಾರೆ ಎಲ್ಡು ಒತ್ತಿಗೆ ಬುತ್ತಿ ಕಟ್ತೀನಿ ಇರು."

ಜಗಲಿಯ ಮೇಲೆ ಅವನವ್ವ ಕೂತಿದ್ದಳು. ಬಾಯಲ್ಲಿ ಒಂದು ಹಲ್ಲೂ ಉಳಿಯದ್ದರಿಂದ ಪುಟ್ಟ ಕಲ್ಲಿನಲ್ಲಿ ಎಲೆ ಅಡಿಕೆ ಕುಟ್ಟಿಕೊಂಡೇ ಹಾಕಿಕೊಳ್ಳಬೇಕು. ಕುಟ್ಟುವುದನ್ನು ನಿಲ್ಲಿಸದೆ ಅಂದಳು: "ಬರ್ವಾಗ ಒಳ್ಳೆ ಅಡ್ಕೆ ತತ್ತಾ. ಇಲ್ಲಿದು ಬರೀ ಒಗರು." ತಮ್ಮ ಚಿಕ್ಕಮಾದು ಮಾತ್ರ ಕಣ್ಣು ಒರೆಸಿಕೊಂಡ. ಅಣ್ಣನ ಪಾಲಿನ ಹೊಲವನ್ನೂ ತಾನೇ ಉಳಬೇಕಲ್ಲ ಎಂದು ಅತ್ತನೋ, ತಾನೇ ಉಳಬಹುದಲ್ಲ ಎಂದು ಅತ್ತನೋ, ಆಗ ಯಾರೂ ವಿಚಾರಿಸಲಿಲ್ಲ.

ನಟಾಲಿನಲ್ಲಿ ಹಡಗಿಳಿದು ನೋಡಿದರೆ ಅಲ್ಲೂ ಕಬ್ಬು. ಗುಡ್ಡ ಹತ್ತಿದರೂ ಕಬ್ಬು, ಇಳಿದರೂ ಕಬ್ಬು. ಹಿಂದೆಂದೂ ಕಾಣದ ಗಿಡಮರಗಳಿದ್ದರೆ ಮನಸ್ಸು ಬೇರೆ ಊರೆಂದು ಒಪ್ಪಿಕೊಂಡು ತೆಪ್ಪಗಿರುತ್ತಿತ್ತೇನೋ. ಇಲ್ಲಿ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಕಾಯುವ ವಾಸನೆ ಗಾಳಿಗೆ ಬಂದರೆ ಸಾಕು, ಗುಡ್ಡದ ಆಚೆಗೇ ಮಂಡ್ಯವಿದೆ ಎನ್ನಿಸುತ್ತಿತ್ತು. ಒಮ್ಮೆ ತಡೆಯಲಾರದೆ ಗುಡ್ಡದ ಆಚೆಗೆ ಹೋಗಿಯೂ ನೋಡಿದ. ಸಮುದ್ರ ಇತ್ತು.

ಅಲ್ಲಿನ ಬಿಳಿಯರು ನಮ್ಮ ದೇಶದ ಗಂಡಸರನ್ನೆಲ್ಲ 'ಸ್ಯಾಮಿ' ಎಂದೇ ಕರೆಯುತ್ತಿದ್ದರು. ಹೆಸರು ಕೇಳುವ ಶ್ರಮ ಉಳಿಯುತ್ತದೆ. ಮಂಡ್ಯದಲ್ಲಿ ನಾಲಗೆ ತಿರುಚಿಕೊಂಡಾದರೂ 'ಉಚಿರಾಯ' ಎನ್ನುತ್ತಿದ್ದ ದೊರೆ ವಾರದೊಳಗೆ ಸ್ಯಾಮಿ ಎನ್ನುವುದನ್ನು ಕಲಿತ. ಕಬ್ಬಿನ ತೋಟದ ಕೂಲಿಗಳಲ್ಲಿ ತಮಿಳರಿದ್ದರು, ತೆಲುಗರಿದ್ದರು, ಹಿಂದೂಸ್ಥಾನಿ ಆಡುವವರಿದ್ದರು. ಕನ್ನಡದ ಒಂದು ಪಿಳ್ಳೆ ಇರಲಿಲ್ಲ. ಕೊನೆಗೆ ಹುಚ್ಚೀರಯ್ಯ ಗಾಡಿಯ ಎತ್ತುಗಳ ಹತ್ತಿರ ಹೋಗಿ ಕನ್ನಡದಲ್ಲಿ ಬೈದು ಬರತೊಡಗಿದ. ಎತ್ತು ಕಿವಿ ಅಲ್ಲಾಡಿಸಿದರೆ ಅವತ್ತು ಅವನಿಗೆ ನಿದ್ದೆ ಬರುತ್ತಿತ್ತು.

ಊಟದ ಸಂಕಟ ಬೇರೆ. ಅಡಿಗೆಮನೆಯಲ್ಲಿ ಜೊತೆಗಾರನಾಗಿದ್ದ ಜುಲು ಜನದ ಸಿಫೋ ಮುಸುಕಿನ ಜೋಳದ ಹಿಟ್ಟು ತೊಳಸಿ ಗಟ್ಟಿಯಾಗಿ ಬೇಯಿಸುತ್ತಿದ್ದ. ಅದನ್ನು ಹುಚ್ಚೀರಯ್ಯ ಉಂಡೆ ಕಟ್ಟಿ, ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದರೆ ಸಿಫೋ ಹೊಟ್ಟೆ ಹಿಡಿದುಕೊಂಡು ನಗುವನು. ಬೆಳ್ಳಗಿರುವುದರಿಂದಲೇ ಗಂಟಲಲ್ಲಿ ಇಳಿಯುತ್ತಿಲ್ಲ, ಕತ್ತಲಲ್ಲಿ ಕಪ್ಪಗಿದೆ ಎಂದು ನಂಬಿಕೊಳ್ಳಬಹುದು ಎಂದು ಹುಚ್ಚೀರಯ್ಯ ದೀಪ ಆರಿಸಿಯೂ ಉಂಡು ನೋಡಿದ. ನಾಲಗೆ ನಂಬಲಿಲ್ಲ.

ಅವನ ಆಸೆ ಎರಡೇ. ಶಿವನಂಜಮ್ಮ ಕಟ್ಟಿದ ರಾಗಿಮುದ್ದೆ ಎಲೆಯ ಮೇಲೆ ಬೀಳಬೇಕು, ಮನೆಯವರು ಯಾರಾದರೂ 'ಲೇ ಉಚ್ಚೀರಾ, ಬಾರ್ಲಾ ಉಣ್ಣಕ್ಕೆ' ಎಂದು ಕೂಗಬೇಕು. ಇಷ್ಟಕ್ಕಾಗಿ ಮನುಷ್ಯ ಎಷ್ಟು ವರ್ಷ ಬದುಕಬಹುದು ಎಂದರೆ, ಎಂಟು ವರ್ಷ ಬದುಕಬಹುದು.

ಎರಡು ವರ್ಷದ ಮಾತು ಮುಗಿಯುವ ಹೊತ್ತಿಗೆ ಯುದ್ಧ ಬಂದು ಹಡಗುಗಳೆಲ್ಲ ಸಿಪಾಯಿಗಳ ಪಾಲಾದವು. ದೊರೆಯೇನೋ ಹೇಗೋ ಮಾಡಿ ಒಂದು ಹಡಗಿನಲ್ಲಿ ತನಗೊಂದು ಜಾಗ ಹಿಡಿದ. "ಸ್ಯಾಮಿ, ಮುಂದಿನ ಹಡಗಿಗೆ ನೀನು" ಎಂದು ಬೆನ್ನು ತಟ್ಟಿ ಹೋದ. ದೊರೆ ಹತ್ತಿದ ಹಡಗನ್ನು ಜರ್ಮನಿಯವರು ನಡುನೀರಿನಲ್ಲಿ ಮುಳುಗಿಸಿದರು. ಹುಚ್ಚೀರಯ್ಯ ತೋಟದ ಕೂಲಿಗಳಿಗೆ ಅಡಿಗೆ ಮಾಡುತ್ತ ಉಳಿದ. ಊರಿಗೆ ಕಾಗದ ಹಾಕೋಣವೆಂದರೆ ಅವನಿಗೆ ಅಕ್ಷರ ಬಾರದು, ಕನ್ನಡದಲ್ಲಿ ಬರೆದುಕೊಡುವವರೂ ಇಲ್ಲ.

ದೊರೆ ಮುಳುಗಿದ ಸುದ್ದಿ ಮಂಡ್ಯದ ಬಂಗಲೆಯ ತೋಟಗಾರನ ಬಾಯಿಂದ ಹಲಗೂರಿಗೆ ಬಂತು. ದೊರೆಯೇ ಮುಳುಗಿದ ಮೇಲೆ ಅವನ ಅಡಿಗೆಯವನು ತೇಲುತ್ತಾನೆಯೇ? ಊರಿನ ಯಜಮಾನ ದೊಡ್ಡಬೀರಯ್ಯ ಹಾಗೆಂದು ತೀರ್ಮಾನಿಸಿದ. ಶಿವನಂಜಮ್ಮನ ಬಳೆ ಒಡೆಸಿದರು. ಚಿಕ್ಕಮಾದು ಎರಡು ಕುರಿ ಕೊಯ್ದು ಅಣ್ಣನ ತಿಥಿ ಮಾಡಿದ. ಯುದ್ಧದ ಬರಗಾಲದಲ್ಲಿ ಊರು ಹೊಟ್ಟೆತುಂಬ ಉಂಡದ್ದು ಅದೊಂದೇ ಸಲ. ಹುಚ್ಚೀರಯ್ಯ ಬದುಕಿದ್ದಾಗ ಬರದಿದ್ದ ಒಳ್ಳೆಯ ಹೆಸರು ಅವತ್ತು ಬಂತು. ಮುದುಕಿ ಅವ್ವ ಮಾತ್ರ ಉಣ್ಣಲಿಲ್ಲ. "ಅಡ್ಕೆ ತತ್ತೀನಿ ಅಂದೋನು ಎಂಗ್ಲಾ ಸಾಯ್ತಾನೆ?" ಎಂದಳು. ಸಂಕಟದಲ್ಲಿ ಬುದ್ಧಿ ಕೆಟ್ಟಿದೆ ಎಂದು ಎಲ್ಲರೂ ಮರುಗಿದರು.

ಯುದ್ಧ ಮುಗಿದ ಮರುವರ್ಷ ಹುಚ್ಚೀರಯ್ಯನಿಗೆ ಹಡಗು ಸಿಕ್ಕಿತು. ಬೊಂಬಾಯಿಯಲ್ಲಿ ಅವ್ವನಿಗೆ ಅಡಿಕೆ ಕೊಂಡ. ಮದ್ದೂರಿನಲ್ಲಿ ರೈಲಿಳಿದಾಗ ವಡೆಯ ವಾಸನೆ ಮೂಗಿಗೆ ಬಡಿಯಿತು. ಮುದ್ದೆಗೆಂದು ಕಾಯ್ದಿಟ್ಟ ಹಸಿವನ್ನು ವಡೆಗೆ ಕೊಡುವುದೇ? ಮೂಗು ಮುಚ್ಚಿಕೊಂಡು ಇದ್ದಿಲಿನ ಬಸ್ಸು ಹತ್ತಿದ. ಅದು ಕೆಮ್ಮುತ್ತ, ನಿಲ್ಲುತ್ತ, ಏರಿನಲ್ಲಿ ತಳ್ಳಿಸಿಕೊಳ್ಳುತ್ತ ಹಲಗೂರು ಮುಟ್ಟುವಾಗ ಹೊತ್ತು ಮುಳುಗಿತ್ತು. ಅಲ್ಲಿಂದ ಕೆರೆ ಏರಿಯ ಮೇಲೆ ನಡೆದು ಮನೆಯ ಹಿತ್ತಲಿಗೆ ಬಂದ.

ಕಾಲು ತೊಳೆಯಲು ಬಾನಿಗೆ ಕೈ ಹಾಕಿದ್ದಾನೆ, ಒಳಗಿನಿಂದ ಚಿಕ್ಕಮಾದುವಿನ ದನಿ ಕೇಳಿತು: "ಅಣ್ಣಾ ಉಚ್ಚೀರಯ್ಯಾ, ಬಂದು ಉಣ್ಣಪ್ಪೋ!"

ಹುಚ್ಚೀರಯ್ಯ ಕಾಲು ತೊಳೆಯುವುದನ್ನೇ ಮರೆತ. ತಾನು ಬರುವುದು ಇವರಿಗೆ ಹೇಗೆ ತಿಳಿಯಿತು? ಬಸ್ಸಿನಲ್ಲಿ ಯಾರಾದರೂ ಗುರುತು ಹಿಡಿದು ಮೊದಲೇ ಓಡಿಬಂದು ಹೇಳಿರಬೇಕು. "ಬಂದೆ ಕಣ್ಲಾ, ಬಂದೆ" ಎಂದು ಮೆಲ್ಲಗೆ ಅಂದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿದ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಯಾರೂ ಇರಲಿಲ್ಲ. ಮುಂಬಾಗಿಲು ಹೊರಗಿನಿಂದ ಎಳೆದುಕೊಂಡಿತ್ತು. ಸಾಲಾಗಿ ಎಲೆ ಹಾಕಿತ್ತು. ಮುಂದಿನ ಎಲೆಯ ಮೇಲೆ ಕರಿ ಮುಗಿಲಿನಂಥ ಮುದ್ದೆ, ಕೋಳಿಸಾರು, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ.

ಅದು ಮಾರ್ನಮಿ ಅಮಾವಾಸ್ಯೆ. ಸತ್ತವರಿಗೆ ಎಡೆ ಇಟ್ಟು, ಹೆಸರು ಹಿಡಿದು ಕೂಗಿ, ಅವರು ಬಂದು ಉಂಡುಹೋಗಲೆಂದು ಮನೆಮಂದಿ ಬಾಗಿಲು ಎಳೆದುಕೊಂಡು ಹೊರಗೆ ಕೂರುವ ದಿನ. ಇದೆಲ್ಲ ಹುಚ್ಚೀರಯ್ಯನಿಗೆ ಗೊತ್ತಿಲ್ಲದ್ದೇನಲ್ಲ. ಅವನೇ ಎಷ್ಟು ವರ್ಷ ಅಪ್ಪನನ್ನು ಹಾಗೆ ಕೂಗಿದ್ದ. ಆದರೆ ಎಡೆ ಸತ್ತವರದು, ತಾನು ಬದುಕಿದ್ದೇನೆ, ಆದ್ದರಿಂದ ತನ್ನನ್ನು ಕರೆದದ್ದು ಊಟಕ್ಕೇ ಎಂಬ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೂತ, ಮುರಿದ, ಅದ್ದಿದ, ನುಂಗಿದ. ಉಪ್ಪು ಒಂದು ಕಲ್ಲು ಕಮ್ಮಿ. ಶಿವನಂಜಮ್ಮನ ಕೈ ಎಂದರೆ ಹಾಗೇ. ಅವನ ಕಣ್ಣಲ್ಲಿ ನೀರು ಬಂತು.

ಎರಡನೆಯ ತುತ್ತಿಗೆ ಪಕ್ಕದ ಎಲೆಯ ಕಡೆ ಕಣ್ಣು ಹೋಯಿತು. ಅದು ಅಪ್ಪನದು, ಸರಿ. ಅದರಾಚೆಗೆ ಇನ್ನೊಂದು. ಅದರ ಅಂಚಿನಲ್ಲಿ ನುಣ್ಣಗೆ ಕುಟ್ಟಿದ ಎಲೆ ಅಡಿಕೆ. ಪಕ್ಕದಲ್ಲಿ ಅದೇ ಪುಟ್ಟ ಕಲ್ಲು.

ತುತ್ತು ಗಂಟಲಲ್ಲೇ ನಿಂತಿತು. ಅಷ್ಟರಲ್ಲಿ ಹೊರಗಿನಿಂದ ಬಾಗಿಲು ತಟ್ಟಿ ತೆರೆದರು.

ಮುಂದೆ ನಿಂತಿದ್ದ ಚಿಕ್ಕಮಾದು ಹಿಂದಿದ್ದವರ ಮೇಲೆ ಬಿದ್ದ. ಅಂಗಳದಲ್ಲಿ ಕಾಲಿಗೆ ಕಾಲು ತೊಡರಿ ಓಡಿದವರೆಷ್ಟೋ. ಗಂಟಲಲ್ಲಿ ಮುದ್ದೆ ಸಿಕ್ಕಿ ಕಣ್ಣು ಮೇಲೆ ಮಾಡಿಕೊಂಡು, ಒಂದು ಕೈಯನ್ನು ಮುಂದೆ ಚಾಚಿ 'ಹೂಂ ಹೂಂ' ಎನ್ನುತ್ತ ಬರುತ್ತಿದ್ದ ಹುಚ್ಚೀರಯ್ಯ ಕೇಳಿದ್ದು ನೀರು. ಯಾರೂ ಕೊಡಲಿಲ್ಲ.

ಬೆಳಗ್ಗೆ ಜಗಲಿಯ ಮುಂದೆ ಪಂಚಾಯಿತಿ ಸೇರಿತು. ದೊಡ್ಡಬೀರಯ್ಯ ಒಂದು ಮಾರು ದೂರದಲ್ಲೇ ಕೂತ.

"ಮುಟ್ಟಿ ನೋಡಣ್ಣೋ, ಬದ್ಕಿವ್ನಿ" ಎಂದ ಹುಚ್ಚೀರಯ್ಯ.

"ಬದ್ಕಿದ್ದೀಯ ಅಂತ ನನ್ ಕಣ್ಗೂ ಕಾಣ್ತದೆ ಕಣ್ಲಾ. ಆದ್ರೆ ನಿನ್ ತಿಥೀಲಿ ಊರೇ ಉಂಡದೆ. ನಾನೂ ಉಂಡಿವ್ನಿ, ಸುಳ್ಳೇಳಕ್ಕಾಗಲ್ಲ. ಉಂಡಿದ್ನ ಈಗ ಕಕ್ಕು ಅಂತೀಯಾ?"

"ನಂಗೇನ್ ಗೊತ್ತಣ್ಣ, ಕರುದ್ರು, ಬಂದೆ."

"ಅದೇ ಅಲ್ವಾ ತೊಡ್ಕು! ಸತ್ತೋರ್ನ ಕರುದ್ರೆ ನೀನ್ ಯಾಕ್ಲಾ ಬಂದೆ? ನಿನ್ ಎಡೆಗೆ ನೀನೇ ಕೈ ಇಕ್ಕಿ ಒಪ್ಕಂಡಂಗಾಯ್ತಲ್ಲ."

ಚಿಕ್ಕಮಾದು ನೆಲ ನೋಡುತ್ತ, "ನ್ಯಾಯ ಯಜಮಾನ್ರು ಏಳ್ದಂಗೆ" ಎಂದ.

ಹುಚ್ಚೀರಯ್ಯ ಹೆಂಡತಿಯ ಕಡೆ ತಿರುಗಿದ. ಕಂಬಕ್ಕೆ ಒರಗಿ ನಿಂತಿದ್ದ ಶಿವನಂಜಮ್ಮನ ಬರಿಗೈಯಲ್ಲಿ ಹಳೆಯ ಗಾಯದ ಗೀರು ಕಾಣುತ್ತಿತ್ತು. "ನೀನಾರ ಏಳು ಕಣಮ್ಮಿ" ಎಂದ.

ಅವಳು ಅವನ ಮುಖ ನೋಡಿದಳು. ತಲೆಯೆಲ್ಲ ನೆರೆತಿತ್ತು, ಕೆನ್ನೆ ಒಳಗೆ ಹೋಗಿತ್ತು. "ಬಳೆ ಒಡ್ದಾಗ ಗಾಜು ಕುಯ್ದು ರಕ್ತ ಸುರೀತು" ಎಂದಳು. "ಇನ್ನೊಂದ್ ಕಿತ ತೊಟ್ಟು, ಇನ್ನೊಂದ್ ಕಿತ ಒಡಿಸ್ಕಳಕ್ಕೆ ನನ್ ಕೈಲಾಗಕಿಲ್ಲ. ಒಂದ್ ಕಿತ ಅತ್ತಿದ್ದೀನಿ, ಸಾಕು." ಸೆರಗು ಹೊದ್ದು ಒಳಗೆ ಹೋದಳು.

ದೊಡ್ಡಬೀರಯ್ಯನಿಗೆ ಕರುಣೆ ಬಂತು. ಊರಿನಿಂದ ಓಡಿಸುವುದು ಬೇಡ, ಸತ್ತವನು ಮತ್ತೆ ಹುಟ್ಟಬಹುದಲ್ಲ ಎಂದ. ಹಾಗೇ ಆಯಿತು. ಹುಟ್ಟಿದ ಮಗುವನ್ನು ಮಲಗಿಸುವಂತೆ ಅವನನ್ನು ಮೊರದಲ್ಲಿ ಕೂರಿಸಿದರು. ಹಿಂಭಾಗ ಮಾತ್ರ ಮೊರದಲ್ಲಿ ಹಿಡಿಯಿತು, ಉಳಿದದ್ದೆಲ್ಲ ಹೊರಗಿತ್ತು. ನಾಲಗೆಗೆ ಹರಳೆಣ್ಣೆ ಹಚ್ಚಿದರು. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಅವರು ನಗುವುದನ್ನು ಕಂಡು ಇದೆಲ್ಲ ಒಳ್ಳೆಯದಕ್ಕೇ ಇರಬೇಕೆಂದು ಹುಚ್ಚೀರಯ್ಯನೂ ನಕ್ಕ. ಕಿವಿಯಲ್ಲಿ ಮರಿಸಿದ್ದಯ್ಯ ಎಂದು ಹೊಸ ಹೆಸರು ಊದಿದರು.

ಹೊಲದ ಮಾತು ಎತ್ತಿದಾಗ ಚಿಕ್ಕಮಾದು, "ನೆನ್ನೆ ಉಟ್ಟಿದ್ ಮಗೀಗೆ ಒಲ ಯಾಕ್ಲಾ?" ಎಂದ. ಹೆಂಡತಿಯ ಮಾತನ್ನು ಹುಚ್ಚೀರಯ್ಯನೇ ಎತ್ತಲಿಲ್ಲ. ಎತ್ತಿದ್ದರೆ ಅದಕ್ಕೂ ಅದೇ ಉತ್ತರ. ತಮ್ಮನಿಗಿಂತ ಆಮೇಲೆ ಹುಟ್ಟಿದವನಾದ್ದರಿಂದ ಇನ್ನು ಮೇಲೆ ಚಿಕ್ಕಮಾದುವನ್ನೇ ಅಣ್ಣ ಎನ್ನಬೇಕಾಯಿತು. ಕೊಟ್ಟಿಗೆಯಲ್ಲಿ ಮಲಗುವುದು, ದನ ನೋಡಿಕೊಳ್ಳುವುದು, ಎರಡು ಹೊತ್ತು ಮುದ್ದೆ. ಮುದ್ದೆ ಶಿವನಂಜಮ್ಮ ಕಟ್ಟಿದ್ದೇ. ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ಕೂಗುತ್ತಿರಲಿಲ್ಲ. ಅವ್ವನಿಗೆ ತಂದ ಅಡಿಕೆಯನ್ನು ದೊಡ್ಡಬೀರಯ್ಯ ಅಗಿದು ಮುಗಿಸಿದ. ಒಗರಿಲ್ಲ ಎಂದು ಹೊಗಳಿದ.

ಮರುವರ್ಷ ಸ್ವಾತಂತ್ರ್ಯ ಬಂತು. ಮಂಡ್ಯದ ಕಡೆಯಿಂದ ಬಾವುಟ ಹಿಡಿದ ಜನ ಹಲಗೂರಿಗೂ ಬಂದು ಕೂಗಿ ಹೋದರು. ಅದರ ಹಿಂದೆಯೇ ಮಾರ್ನಮಿ ಬಂತು. ಒಳಗೆ ಎಲೆ ಹಾಕಿ, ಕೋಳಿಸಾರು ಬಡಿಸಿ, ಹೊಸ ಪಂಚೆ ಇಟ್ಟು, ಚಿಕ್ಕಮಾದು ಹೊಸಿಲಲ್ಲಿ ನಿಂತು ಮೊದಲು ಅಪ್ಪನನ್ನು ಕೂಗಿದ, ಅವ್ವನನ್ನು ಕೂಗಿದ, ಆಮೇಲೆ, "ಅಣ್ಣಾ ಉಚ್ಚೀರಯ್ಯಾ, ಬಂದು ಉಣ್ಣಪ್ಪೋ!" ಎಂದ.

ವರ್ಷವಿಡೀ ಆ ಹೆಸರನ್ನು ಯಾರೂ ಕೂಗಿರಲಿಲ್ಲ. ಅಂಗಳದಲ್ಲಿ ಕೂತಿದ್ದ ಮರಿಸಿದ್ದಯ್ಯನ ಬಾಯಿ ತಾನಾಗಿ ತೆರೆಯಿತು. ಎದುರಿಗೆ ಶಿವನಂಜಮ್ಮ ನಿಂತಿದ್ದಳು. ಅವನು ಬಾಯಿ ಮುಚ್ಚಿಕೊಂಡ.

ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತರು. ಸಾರಿನ ವಾಸನೆ ಸಂದಿಯಿಂದ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮಾದು ಅವನ ಕಡೆ ತಿರುಗಿ ಹಲ್ಲು ಕಿರಿದ.

"ಲೇ ಮರಿಸಿದ್ದ, ಓಗಿ ಬಾಗ್ಲು ತಟ್ಲಾ. ಅವ್ನು ಉಣ್ಣಕ್ಕೆ ಎಸ್ಟೊತ್ತು ಬೇಕು ಅನ್ನೋದು ನಿಂಗೇ ಚೆಂದಾಗಿ ಗೊತ್ತು."

ಎಲ್ಲರೂ ನಕ್ಕರು. ಅವನು ಎದ್ದು ಹೋಗಿ ಬಾಗಿಲ ಮೇಲೆ ಕೈ ಇಟ್ಟು, ಕಿವಿಗೊಟ್ಟು ನಿಂತ. ತಟ್ಟಲಿಲ್ಲ.

"ಯಾಕ್ಲಾ?"

"ಇನ್ನೊಸಿ ಇರಣ್ಣ," ಎಂದ. "ಪಾಪ, ದೂರದಿಂದ ಬಂದವ್ನೆ."