ಬಾಯಿ ತುಂಬ ನೀರು, ಕೈಯಲ್ಲಿ ಪುಸ್ತಕ

ತಮಿಳುನಾಡಿನ ಪೋರೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕೆರೆಯ ಹಿಂದಿನ ಗಲ್ಲಿಯಲ್ಲಿ ಶಂಕ್ರಮ್ಮನವರ ಒಲೆ ಆಗಲೇ ಹೊತ್ತಿದೆ. ಅಂಗೈ ಕೆಳಗೆ ಜೋಳದ ರೊಟ್ಟಿ ಅಗಲವಾಗುತ್ತಿದೆ. ಕಣ್ಣು ಮಾತ್ರ ರೊಟ್ಟಿಯ ಮೇಲಿಲ್ಲ, ಎದುರಿನ ಮೆಟ್ಟಿಲಲ್ಲಿ ಕೆನ್ನೆ ಉಬ್ಬಿಸಿಕೊಂಡು ತಮಿಳು ಪುಸ್ತಿಕೆ ಓದುತ್ತಿರುವ ಕರಿಯಮ್ಮನ ತುಟಿಯ ಮೇಲಿದೆ. ಕರಿಯಮ್ಮನ ಬಾಯಲ್ಲಿ ಒಂದು ಗುಟುಕು ನೀರಿದೆ. ನುಂಗುವಂತಿಲ್ಲ, ಉಗುಳುವಂತಿಲ್ಲ.

“ತುಟಿ ಅಳ್ಳಾಡಾಕತ್ತಾವ ನೋಡವಾ. ನೀರು ಚೆಲ್ಲಿದ್ರ ಮತ್ತ ಮೊದಲಿಂದ.”

ಓದು ನಿಧಾನವಾಗಲು ಎರಡು ಚಾಳಿ ಸಾಕು ಎನ್ನುತ್ತಾರೆ ಅರವತ್ತು ದಾಟಿದ ಶಂಕ್ರಮ್ಮ. ಒಂದು, ಪ್ರತಿ ಪದವನ್ನೂ ಬಾಯೊಳಗೆ ಗುಣುಗುವುದು. ಅದಕ್ಕೆ ಮದ್ದು ನೀರು. ಇನ್ನೊಂದು, ಓದಿದ ಸಾಲಿಗೇ ವಾಪಸು ಹೋಗುವುದು. ಅದಕ್ಕೆ ಒಂದು ಹಳೆಯ ಲಗ್ನಪತ್ರಿಕೆ. ಓದಿದ ಸಾಲುಗಳನ್ನು ಮುಚ್ಚುತ್ತ ಅದನ್ನು ಕೆಳಗಿಳಿಸಬೇಕು. ಹಿಂದಕ್ಕೆ ಹೋದರೆ ಸಿಗುವುದು ಯಾರದೋ ಮದುವೆಯ ಮುಹೂರ್ತ, ಅಷ್ಟೇ.

ಗುಣುಗುವ ಚಾಳಿ ಮೊದಲು ಅವರದೇ ಆಗಿತ್ತು. ಗದಗದಿಂದ ಮದುವೆಯಾಗಿ ಬಂದವರು ಇಲ್ಲಿನ ಒಂದು ಕನ್ನಡ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದರು. ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದೇ ಕೆಲಸ. ಎದುರಿಗೆ ಕೂತವರು ಅಚ್ಚಾದ ಹಾಳೆ ನೋಡುತ್ತ ತಪ್ಪು ತಿದ್ದುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ಪ್ರೆಸ್ ಮುಚ್ಚಿತು. ಆಮೇಲೆ ಸೇರಿದ ಕಚೇರಿಯಲ್ಲಿ ಅರ್ಜಿಗಳನ್ನು ಓದಿ ವಿಂಗಡಿಸಬೇಕಿತ್ತು.

“ನಾ ಒಂದು ಓದೂದ್ರಾಗ ಪಕ್ಕದಾಕಿ ಮೂರು ಮುಗಸ್ತಿದ್ಲು. ಎಲ್ಲಾರೂ ನಗತಿದ್ರು. ಒಂದಿನ ಗುಳಗಿ ನುಂಗಾಕಂತ ಬಾಯಾಗ ನೀರು ಹಾಕ್ಕೊಂಡಿದ್ದೆ, ಅಷ್ಟರಾಗ ಒಂದು ಅರ್ಜಿ ಬಂತು. ಹಂಗ ಓದಿದೆ. ಲಗೂನ ಮುಗೀತು ನೋಡ್ರಿ!”

ಈಗ ಜೀವನ ರೊಟ್ಟಿಯಿಂದ. ದಿನಕ್ಕೆ ನೂರರ ಆಸುಪಾಸು ರೊಟ್ಟಿ ಸುತ್ತಲಿನ ಕನ್ನಡದ ಮನೆಗಳಿಗೆ ಹೋಗುತ್ತದೆ. ಪಾಠ ಕೇಳಿ ಬಂದವರಿಗೆ ಮೆಟ್ಟಿಲಿದೆ, ಲೋಟವಿದೆ.

ಕೊಳ್ಳೇಗಾಲದ ಕರಿಯಮ್ಮ ಹತ್ತಿರದ ಆಸ್ಪತ್ರೆಯೊಂದರಲ್ಲಿ ಆಯಾ. ಸೂಪರ್‌ವೈಸರ್ ಆಗಲು ಅರ್ಧ ಗಂಟೆಯಲ್ಲಿ ಕೆಲಸದ ನಿಯಮಗಳ ಇಂಥದೇ ಒಂದು ಪುಸ್ತಿಕೆ ಓದಿ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಎರಡು ಸಲ ಫೇಲಾಗಿದ್ದಾರೆ. ಗುರುವಾರದ್ದೇ ಕೊನೆಯ ಅವಕಾಶ.

“ಎಲ್ಲಾ ದಿನಾ ಮಾಡೋ ಕೆಲ್ಸವೇ ಸಾರ್. ಆದ್ರೆ ಏನಾರ ಬಿಟ್ಟೋಯ್ತೇನೋ ಅಂತ ಭಯ, ತಿರ್ಗಾ ಅದೇ ಸಾಲು ಓದ್ತೀನಿ. ಅಷ್ಟರಲ್ಲಿ ಟೈಮ್ ಆಗೋಯ್ತದೆ. ಪಾಸಾದ್ರೆ ನೈಟ್ ಡ್ಯೂಟಿ ಇರಲ್ಲ. ನಮ್ಮ ಮಗ್ಳು ಮೌನ ಇನ್ನೂ ಎಂಟನೇ ಕ್ಲಾಸು, ರಾತ್ರಿ ಒಬ್ಳೇ ಮಲಗ್ತಳೆ.” ಇದನ್ನು ಹೇಳುವಾಗ ಅವರು ಬರೆದುಕೊಳ್ಳುತ್ತಿರುವ ನನ್ನ ಮುಖ ನೋಡುವುದಿಲ್ಲ.

ಮರುವಾರ ಹೋದಾಗ ಕರಿಯಮ್ಮ ಗಲ್ಲಿಯ ತುದಿಯಿಂದಲೇ ಕೂಗುತ್ತ ಬರುತ್ತಿದ್ದಾರೆ. “ಪಾಸ್ ಕಣಕ್ಕಾ! ಇನ್ನೂ ಟೈಮ್ ಇತ್ತು. ಮೇಡಂ ಹೆಸರು ಕೂಗಿದ್ರೆ ಓಗೊಡಕ್ಕೇ ಆಗ್ಲಿಲ್ಲ, ಬಾಯ್ತುಂಬ ನೀರು!”

ಶಂಕ್ರಮ್ಮ ಒಲೆ ಮರೆತು ಕರಿಯಮ್ಮನನ್ನೇ ನೋಡುತ್ತಾರೆ. ಹೆಂಚಿನ ಮೇಲೆ ಒಂದು ರೊಟ್ಟಿ ಸೀಯುತ್ತದೆ.

ನಿಮಗೇನು ಆಸೆ ಎಂದು ಶಂಕ್ರಮ್ಮನವರನ್ನು ಕೇಳುತ್ತೇನೆ.

“ಇಪ್ಪತ್ತು ವರ್ಷ ಗಟ್ಟಿಯಾಗಿ ಓದೀನ್ರಿ. ಕೇಳಾವ್ರು ತಪ್ಪು ಹಿಡಿಯಾಕ ಕೇಳ್ತಿದ್ರು. ಕತಿ ಯಾರೂ ಕೇಳಲಿಲ್ಲ. ನನಗ ಯಾರರ ಒಂದು ಕತಿ ಓದಿ ಹೇಳಬೇಕು. ಸಾವಕಾಶ.”

ಕರಿಯಮ್ಮ ಅಭ್ಯಾಸಬಲದಿಂದ ನೀರಿನ ಲೋಟಕ್ಕೆ ಕೈ ಹಾಕುತ್ತಾರೆ.

“ಅದನ್ನ ಇಡವಾ,” ಎಂದ ಶಂಕ್ರಮ್ಮ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಕನ್ನಡ ಕತೆಪುಸ್ತಕ ತೆಗೆದು ಕೊಡುತ್ತಾರೆ. ಕರಿಯಮ್ಮ ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ, ತಡವರಿಸುತ್ತ ಓದತೊಡಗುತ್ತಾರೆ. ಪುಟದ ಅರ್ಧಕ್ಕೆ ಬರುವಾಗ ಒಲೆಯ ಕಡೆಯಿಂದ ದನಿ ಬರುತ್ತದೆ.

“ನಿಲ್ಲವಾ. ಆ ಸಾಲು ಭಾಳ ಚಲೋ ಐತಿ, ಇನ್ನೊಮ್ಮೆ ಓದು.”