ಮಂಗಳವಾರದ ಕ್ಷೌರ

ಮೊನ್ನೆ ಅಂಗಡಿಯಲ್ಲಿ ಯಾರೋ ಹಾಕಿಕೊಂಡಿದ್ದ ನಿಂಬೆಯ ಘಾಟಿನ ಕಲೋನ್ ಮೂಗಿಗೆ ಬಡಿಯಿತು. ಕೈ ತಾನಾಗಿ ಕತ್ತಿನ ಹಿಂಭಾಗಕ್ಕೆ ಹೋಯಿತು. ಅಮೆರಿಕದ ಈ ಕ್ಯಾರಿ ಊರಿನಲ್ಲಿ ನಮ್ಮ ಕನ್ನಡದವರಿಗೆಲ್ಲ ಕಟಿಂಗ್ ಮಾಡುತ್ತಿದ್ದ ಹುಡುಗ ಕೊನೆಗೆ ಅದನ್ನು ಅಲ್ಲೇ ತಟ್ಟುತ್ತಿದ್ದ...

ಅವನು ಜಾರ್ಜಿಯಾದವನು. ಅಟ್ಲಾಂಟಾ ಇರುವ ಜಾರ್ಜಿಯಾ ಅಲ್ಲ, ರಷ್ಯಾದ ಪಕ್ಕದ ಪುಟ್ಟ ದೇಶ. ಅದಕ್ಕೆ ಸ್ವಾತಂತ್ರ್ಯ ಬಂದು ನನ್ನ ಮಗಳ ವಯಸ್ಸಿನಷ್ಟೂ ಆಗಿರಲಿಲ್ಲ. ನಮ್ಮವರು ಯಾರೂ ಮಂಗಳವಾರ ತಲೆ ಕೊಡುವುದಿಲ್ಲವೆಂದು ಗೊತ್ತಾಗಿ ಅವನು ಅಂದೇ ರಜೆ ಇಟ್ಟುಕೊಂಡಿದ್ದ. ಅಮಾವಾಸ್ಯೆ ಎಂದು ಬರುತ್ತದೆನ್ನುವುದು ನನಗಿಂತ ಮೊದಲು ಅವನಿಗೆ ತಿಳಿದಿರುತ್ತಿತ್ತು.

ಉಕ್ರೇನಿನಲ್ಲಿ ಯುದ್ಧ ಶುರುವಾದ ವಸಂತದಲ್ಲಿ ಅವನು ತಾನೂ ಅಲ್ಲಿಗೆ ಹೋಗಿ ಹೋರಾಡುತ್ತೇನೆಂದ. ಆದರೆ ಹಳೆಯ ಗಿರಾಕಿಗಳನ್ನು ಹಾಗೇ ಬಿಟ್ಟು ಹೋಗುವವನಲ್ಲ. ಬರುವ ತಿಂಗಳು ಎಲ್ಲರಿಗೂ ಕೊನೆಯದೊಂದು ಕಟಿಂಗ್ ಮಾಡಿಯೇ ಹೊರಡುತ್ತಾನಂತೆ. ನನಗೆ ರೇಗಿತು. ಯಾರದೋ ಯುದ್ಧ, ಇವನಿಗೇಕೆ ಇಲ್ಲದ ಉಸಾಬರಿ? ಹೋದರೆ ಹೆಣವಾಗುತ್ತಾನೆಂದು ಹೆದರಿಕೆಯೂ ಆಯಿತು. ನಾವು ನಾಲ್ಕಾರು ಜನ ಸೇರಿ ತೀರ್ಮಾನಿಸಿದೆವು: ನಮ್ಮ ತಲೆಗಳು ಬಾಕಿ ಇರುವವರೆಗೆ ಅವನು ಹೊರಡುವಂತಿಲ್ಲ, ಆದ್ದರಿಂದ ಯಾರೂ ಕಟಿಂಗ್‌ಗೆ ಹೋಗಬಾರದು.

ನೆಪಗಳಿಗೇನು ಬರ? ಒಬ್ಬನಿಗೆ ಏಕಾದಶಿ, ಇನ್ನೊಬ್ಬನಿಗೆ ಜನ್ಮನಕ್ಷತ್ರ. ಒಬ್ಬ ಐಟಿ ಹುಡುಗ, ಹೆಂಡತಿ ಬಸುರಿ, ಗಂಡ ಕೂದಲು ತೆಗೆಸಬಾರದು ಎಂದ. ಅದು ನಿಜವೂ ಆಗಿತ್ತು. ನಮ್ಮ ರಿಟೈರ್ಡ್ ಡಾಕ್ಟರು ಬೇರೇನೂ ತೋಚದೆ ಫೋನಿನಲ್ಲಿ ಅದನ್ನೇ ಹೇಳಿಬಿಟ್ಟರು. ಎಪ್ಪತ್ತು ದಾಟಿದ ಅವರ ಮನೆಯಾಕೆ ಪಕ್ಕದಲ್ಲೇ ಕೂತಿದ್ದರು. ಆ ಸಂಜೆ ಅವರಿಗೆ ಕಾಫಿ ಸಿಗಲಿಲ್ಲವಂತೆ. ಬೇಸಿಗೆಯ ಹೊತ್ತಿಗೆ ನಾವೆಲ್ಲ ಋಷಿಗಳಾಗಿದ್ದೆವು. ನನಗಿದ್ದದ್ದೇ ಕಿವಿಗಳ ಮೇಲಿನ ಕೂದಲು. ಅದೂ ಎರಡೂ ಕಡೆ ಕೆದರಿ ನಿಂತಿತ್ತು.

ಒಂದು ಬೆಳಿಗ್ಗೆ ಅವನೇ ಕತ್ತರಿ ಹಿಡಿದು ನಮ್ಮ ಬಾಗಿಲಿಗೆ ಬಂದ. ತಿಥಿ ನಕ್ಷತ್ರ ಒಂದಕ್ಕೂ ಕಿವಿಗೊಡದೆ, ಮನೆಮನೆಗೆ ಹೋಗಿ ಉಳಿದವರನ್ನೆಲ್ಲ ಮುಗಿಸಿದ್ದ.

"ನೀವೇ ಲಾಸ್ಟು, ಅಂಕಲ್."

"ಇವತ್ತು ಮಂಗಳವಾರ ಕಣಯ್ಯಾ."

"ಗೊತ್ತು. ನಂಗೆ ರಜ ಇರೋದು ಇವತ್ತೇ ತಾನೆ?"

ಡ್ರೈವ್‌ವೇಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಸುಮ್ಮನಿರಲಾಗದೆ ಕೇಳಿದೆ: "ಅದು ನಿನ್ನ ದೇಶಾನೇ ಅಲ್ಲ. ಯಾಕೋ ಹೋಗ್ತೀಯಾ?"

ಅವನು ಕತ್ತರಿ ನಿಲ್ಲಿಸಲಿಲ್ಲ. "ನಾನು ಸ್ಕೂಲಲ್ಲಿದ್ದಾಗ ಇದೇ ರಷ್ಯಾ ಸೈನ್ಯ ನಮ್ಮೂರಿಗೂ ಬಂತು, ಅಂಕಲ್. ನಮ್ದು ಇನ್ನೂ ಎಳೇ ದೇಶ. ಯಾರಾದ್ರೂ ಹೆಲ್ಪ್ ಮಾಡೋಕೆ ಬರ್ತಾರೆ ಅಂತ ಅಪ್ಪ ರೋಡ್ ನೋಡ್ತಾ ನಿಂತಿದ್ರು. ಯಾರೂ ಬರ್ಲಿಲ್ಲ. ಈಗ ಅಲ್ಲೂ ಯಾರೋ ಹಾಗೇ ನಿಂತಿರ್ತಾರಲ್ಲ."

ನಾನು ತಲೆ ತಗ್ಗಿಸಿದೆ. ಹಿಂಭಾಗ ಕತ್ತರಿಸಲು ಅವನಿಗೆ ಅನುಕೂಲವಾಯಿತು.

ಮರುದಿನ ಅವನು ಹೊರಟುಹೋದ. ಈಗ ಅವನು ಕಟಿಂಗ್ ಮಾಡುತ್ತಿದ್ದ ಅಂಗಡಿಯಲ್ಲಿ ಬಬಲ್ ಟೀ ಮಾರುತ್ತಾರೆ. ಬಹಳ ಕಾಲ ಅವನ ಪತ್ತೆಯೇ ಇರಲಿಲ್ಲ... ಹೋದ ವಾರ ಅವನ ತಂಗಿ ಫೋನ್ ಮಾಡಿ, ಅವನು ಇನ್ನಿಲ್ಲ ಎಂದಳು. ಅಂದಿನಿಂದ ನಾನು ಗಡ್ಡ ತೆಗೆದಿಲ್ಲ. ಅವನು ನೆಂಟನಲ್ಲ, ನಮಗೆ ಯಾವ ಶಾಸ್ತ್ರದಲ್ಲೂ ಅವನ ಸೂತಕವಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರು ಬಂದರು. ಅವರ ಕೆನ್ನೆಯ ತುಂಬ ಒಂದು ವಾರದ ಬಿಳಿ ಗಡ್ಡ. ಡ್ರೈವ್‌ವೇಯಲ್ಲಿ ಅವರಿಗೂ ಒಂದು ಕುರ್ಚಿ ಹಾಕಿದೆ.