ಅವರಿಗೆ ತಿಳಿಯುತ್ತಿತ್ತು

ಅಂದು ಬೆಳಿಗ್ಗೆ ನನ್ನ ಗಂಡ ಚಹಾ ಕೇಳುವ ಬದಲು ಏನೋ ಅರ್ಥವಾಗದ ಶಬ್ದ ಮಾಡಿದರು. ತಮಾಷೆ ಅಂದುಕೊಂಡೆ. ಅವರು ಮಾತಿನ ಮನುಷ್ಯ. ಶಹಾಬಾದಿನ ಬಜಾರಿನಲ್ಲಿ ಬಟ್ಟೆ ಅಂಗಡಿ ನಡೆಸಿದವರು. ಆಮೇಲೆ ನೋಡಿದೆ, ಬಾಯಿ ಒಂದು ಕಡೆಗೆ ವಾಲಿತ್ತು.

ಸ್ಟ್ರೋಕ್.

ಹನ್ನೆರಡು ದಿನ ಕಲಬುರಗಿಯ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಕೈಕಾಲು ಆಡುತ್ತಿದ್ದವು. ಮಾತು ಹೋಗಿತ್ತು. ಏನು ಕೇಳಿದರೂ ‘ಹೂಂ’. ನೋಡಲು ಬಂದ ಬಂಧುಗಳು ಅವರೆದುರು ಏನು ಮಾತಾಡಬೇಕೆಂದು ತೋಚದೆ, ಕ್ರಮೇಣ ಬರುವುದನ್ನೇ ಬಿಟ್ಟರು.

ನಾನು ಫೋನಿಗೇ ಪ್ರಶ್ನೆ ಕೇಳತೊಡಗಿದೆ. ಮೈಕ್ ಒತ್ತಿ, “ನಮ್ಮ ಮನಿಯವರಿಗಿ ಮಾತ್ ಯಾಕ ಬರವಲ್ದು?” ಅಂದೆ. ಅದು ‘ಮನಿ’ ಅಂದದ್ದನ್ನಷ್ಟೇ ಹಿಡಿದು ಮನೆ ಕಟ್ಟುವ ವಿಡಿಯೊ ತೋರಿಸಿತು. ಪುಸ್ತಕದ ಕನ್ನಡದಲ್ಲಿ ಕೇಳಿದಾಗ, ಮೂರೇ ದಿನದಲ್ಲಿ ಮಾತು ತರುವ ಎಣ್ಣೆಯೊಂದರ ಜಾಹೀರಾತು ಸಿಕ್ಕಿತು. ತರಿಸಿ ಹಚ್ಚಿದೆ ಕೂಡ. ಏನೂ ಆಗಲಿಲ್ಲ. ಕೊನೆಗೆ ಡಿಸ್ಚಾರ್ಜ್ ಕಾಗದದಲ್ಲಿದ್ದ ಇಂಗ್ಲಿಷ್ ಪದವನ್ನು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡಿದೆ. ಅಫೇಸಿಯಾ. ಬಂದ ಪುಟವನ್ನು ಕನ್ನಡಕ್ಕೆ ತಿರುಗಿಸುವುದನ್ನು ತಡಕಾಡಿ ಕಲಿತೆ. ಮಿದುಳಿಗೆ ಪೆಟ್ಟಾಗಿ ಮಾತು ಕೆಡುವುದಕ್ಕೆ ಆ ಹೆಸರಂತೆ. ಅಲ್ಲೊಂದು ಸಾಲಿತ್ತು: ಮಾತು ಹೊರಡದಿದ್ದರೂ ಅನೇಕರಿಗೆ ಎದುರಿನವರ ಮಾತು ತಿಳಿಯುತ್ತದೆ.

ಹಿಂದಿನ ದಿನವಷ್ಟೇ ಅವರ ಮುಂದೆಯೇ ಕೂತು ಚಿಂಚೋಳಿಯ ತಂಗಿಗೆ ಫೋನಿನಲ್ಲಿ ಹೇಳಿದ್ದೆ: “ಇವರು ಇದ್ದೂ ಇಲ್ಲದಂಗ ಆಗ್ಯಾರ. ನಾ ಒಬ್ಬಾಕಿನೇ.”

ಫಾಲೋಅಪ್‌ಗೆ ಹೋದಾಗ, ಓದಿದ್ದು ನಿಜವೇ ಎಂದು ಡಾಕ್ಟರನ್ನು ಕೇಳಿದೆ. ಇವರಿಗೆ ಬಹುಪಾಲು ತಿಳಿಯುತ್ತದೆ ಎಂದರು. “ಒಂದೊಂದೇ ಕೇಳ್ರಿ. ಜವಾಬ್ ಬರೂತನಕ ಕಾಯ್ರಿ.”

ಮನೆಗೆ ಬಂದು ಅವರ ಮುಂದೆ ನಿಂತೆ. “ಅವತ್ತು ನಾ ತಂಗಿಗಿ ಅಂದಿದ್ದು ನಿಮಗ ಕೇಳಿಸ್ತೇನ್ರಿ?”

ಕಾದೆ. ಅವರ ಕಣ್ಣು ತುಂಬಿದವು. ತುಟಿ ಬಹಳ ಹೊತ್ತು ಒದ್ದಾಡಿತು.

“ಕು... ಕುಂದ್ರು.”

ಪಕ್ಕದಲ್ಲಿ ಕುಳಿತೆ. ಇಬ್ಬರೂ ಅತ್ತೆವು.

ಈಗ ಕೆಲವು ದಿನ ಮಾತು ಬರುತ್ತದೆ, ಕೆಲವು ದಿನ ಇಲ್ಲ. ಬೆಳಿಗ್ಗೆ ವಿಡಿಯೊ ನೋಡಿ ಮಾತಿನ ಅಭ್ಯಾಸ ಮಾಡಿಸುತ್ತೇನೆ. ಮಧ್ಯಾಹ್ನಗಳು ಇನ್ನೂ ಉದ್ದವೇ. ಮೊದಲಿನಂತೆ ಹರಟುವ ಆ ನನ್ನ ಗಂಡ ಮರಳಿ ಬರಲಿಕ್ಕಿಲ್ಲ, ಅದನ್ನೂ ಓದಿ ತಿಳಿದಿದ್ದೇನೆ. ನಿನ್ನೆ ಅವರು ಒಳಗಿನಿಂದ ನನ್ನನ್ನು ಕೂಗಿದರು. ಬಾಯಿಗೆ ಬಂದದ್ದು ಅವರ ಅಕ್ಕನ ಹೆಸರು.

ಓ, ಎಂದು ಎದ್ದು ಹೋದೆ.